ಅಕ್ಕನ ಮನೆಯ ಹಸಿ ಫರಸಿ

ದೆವ್ವ, ಶಕುನ ಎನ್ನುವವರನ್ನು ಒಂದು ಕಾಲಕ್ಕೆ ನಾನು ಗೇಲಿ ಮಾಡುತ್ತಿದ್ದೆ. ನಳ ಜೋಡಿಸುವ ಮೇಸ್ತ್ರಿ ನಾನು. ಸದ್ದು ಬಂದರೆ ಪೈಪಿನಲ್ಲಿ ಗಾಳಿ, ಕಲೆ ಬಿದ್ದರೆ ಸೋರಿಕೆ, ಅಷ್ಟೇ ನನ್ನ ವೇದಾಂತ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಡೆದದ್ದನ್ನು ಈಗ ಹೇಳುತ್ತೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ವಾಡಿಯಲ್ಲಿ ನನ್ನ ಅಕ್ಕನ ಮನೆಗೆ ನಾನೇ ನಳ ಹಾಕಿದ್ದೆ. ಪೈಪು ಫರಸಿ ಕಲ್ಲಿನ ನೆಲದಡಿ, ಮಣ್ಣಿನ ಗೋಡೆಯ ಬುಡಕ್ಕೆ ಅಂಟಿಕೊಂಡು ಹೋಗಿತ್ತು. ಬೇಸಿಗೆಯ ಕೊನೆಯಲ್ಲೊಮ್ಮೆ ಅಲ್ಲಿಗೆ ಹೋದಾಗ ಅಕ್ಕ ಹೇಳಿದಳು: "ತಮ್ಮಾ, ಮೂಲ್ಯಾಗಿನ ಫರಸಿ ಹಸಿ ಆಗ್ಲಿಕತ್ತದ. ನಳದಾಗ ನೀರೂ ಸಣ್ಣಗ ಬರ್ತಾವ. ಗೋಡಿ ಬುಡದಾಗ ಮಣ್ಣು ಉದುರ್ತದ. ಒಮ್ಮಿ ಕಲ್ಲೆತ್ತಿ ನೋಡೋ."

"ಮಳಿ ಬರೋ ಗುರ್ತು ಅಕ್ಕಾ, ಕಲ್ಲು ಬೆವತದ. ನನಗ ಕಲಿಸ್ತೀ ಏನು?" ಎಂದು ನಕ್ಕೆ.

ಮಳೆಗೆ ಮುಂಚೆ ಫರಸಿ ಬೆವರುವುದು ನಮ್ಮ ಕಡೆ ಕೂಸಿಗೂ ಗೊತ್ತು. ಆದರೆ ಬೆವೆತರೆ ನೆಲವೆಲ್ಲ ಬೆವರಬೇಕು, ಒಂದು ಮೂಲೆಯಷ್ಟೇ ಅಲ್ಲ. ಮೇಸ್ತ್ರಿಯಾದ ನನಗೆ ಅಷ್ಟು ಹೊಳೆಯಲಿಲ್ಲ.

ಎಂಟು ದಿನಗಳ ಮೇಲೆ ಶಹಾಬಾದಿನ ಒಂದು ಮನೆಯಲ್ಲಿ ಕೆಲಸಕ್ಕಿದ್ದೆ. ಜೋಡಿಸುವ ಮೊದಲು ಪೈಪನ್ನು ಊದಿ ಕಸ ತೆಗೆಯುವುದು ನಮ್ಮ ರೂಢಿ. ಮಧ್ಯಾಹ್ನ ಹಾಗೆ ಊದಿ ಬಾಯಿ ಸರಿಸಿದೆ. ಆ ಖಾಲಿ ಪೈಪಿನಿಂದ ಅಕ್ಕನ ದನಿ ಬಂತು: "ಅವಸರ ಮಾಡಬ್ಯಾಡ ತಮ್ಮಾ. ಉಂಡು ಬಾ."

ಅಂಗಳದಲ್ಲಿ ಯಾರೂ ಇರಲಿಲ್ಲ. ಪೈಪನ್ನೆತ್ತಿ ಒಳಗೆ ಇಣುಕಿದೆ, ಏನೂ ಇಲ್ಲ. ಆದರೂ ದನಿ ಎಷ್ಟು ಸಮಾಧಾನವಾಗಿತ್ತೆಂದರೆ, ಬುತ್ತಿ ಬಿಚ್ಚಿ ಎರಡು ರೊಟ್ಟಿ ತಿಂದೆ. ಕೈ ತೊಳೆಯುವಾಗ ಅಕ್ಕನ ಮೈದುನ ಏದುಸಿರು ಬಿಡುತ್ತ ಬಂದ.

"ಗೋಡಿ ಬಿತ್ರಿ. ವೈನಿ ನಸುಕಿನ್ಯಾಗ ಅದೇ ಮೂಲ್ಯಾಗ ಕುಂತು ಜ್ವಾಳ ಬೀಸ್ಲಿಕತ್ತಿದ್ರು. ಅಲ್ಲೇ ಹೋಗಿಬಿಟ್ರು."

ಅಂದರೆ ನಾನು ದನಿ ಕೇಳುವ ಹೊತ್ತಿಗೆ ಅಕ್ಕ ಸತ್ತು ಅರ್ಧ ದಿನವಾಗಿತ್ತು. ಮಣ್ಣು ಮಾಡಿ ಬಂದ ಮೇಲೆ ಫರಸಿ ಎತ್ತಿಸಿದೆ. ಸೋರುತ್ತಿದ್ದದ್ದು ನಾನೇ ಬಿಗಿದ ಜಾಯಿಂಟು.

ಸಾವಿನ ಸುದ್ದಿ ಕೇಳಿದ ಮೇಲೆ ಮಣ್ಣು ಮಾಡುವ ತನಕ ನಮ್ಮಲ್ಲಿ ಅನ್ನ ಮುಟ್ಟುವುದಿಲ್ಲ. ತಮ್ಮ ಹಸಿದಿರಬಾರದೆಂದು ಅಕ್ಕ ಸುದ್ದಿಗಿಂತ ಮುಂಚೆಯೇ ಬಂದಳೇ? ಇಲ್ಲವೇ ಅದು ನನ್ನ ಕಿವಿಯ ಭ್ರಮೆಯೇ? ಇಂದಿಗೂ ತಿಳಿದಿಲ್ಲ. ಅವಳು ಒಂದು ಮಾತು ಬೈದಿದ್ದರೂ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ.