ಅಕ್ಷತಾಳ ಹಿಂಬದಿಯ ಸ್ಪೀಕರ್‌ಗಳು

ಕುರುಗೋಡಿನ ಉಚ್ಚೆಂಗೆಮ್ಮ ಬಳ್ಳಾರಿಯ ಗಾಂಧಿನಗರದ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಹನ್ನೊಂದು ವರ್ಷ ದುಡಿದವಳು. ಐಟಿಐ ಮುಗಿಸಿ ಸೇರಿದ ದಿನದಿಂದ ಬಿಟ್ಟ ದಿನದವರೆಗೂ ಅವಳ ಜಾಗ ಹಿಂದಿನ ಕೋಣೆಯೇ. ಕೆಟ್ಟ ಆಂಪ್ಲಿಫೈಯರ್ ಬಿಚ್ಚಿ ಸರಿಮಾಡುವವಳು ಅವಳು. ಅದನ್ನು ಗಿರಾಕಿಯ ಮನೆಗೆ ಒಯ್ದು ಜೋಡಿಸಿ, ಚಹಾ ಕುಡಿದು, ಹೊಗಳಿಸಿಕೊಂಡು ಬರುವವರು ಗಂಡಸರು. ತನ್ನನ್ನೂ ಕಳಿಸಿ ಎಂದು ಒಮ್ಮೆ ಕೇಳಿದಾಗ ಮಾಲೀಕ, "ಹೆಣ್ಮಗಳು ಬಂದು ವೈರ್ ಎಳದ್ರ ಗಿರಾಕಿ ನಂಬಂಗಿಲ್ಲಮ್ಮ" ಎಂದಿದ್ದ. ಆ ಮಾತು ಅವಳಿಗೆ ನುಂಗಲಾಗಲಿಲ್ಲ. ಅದೇ ವರ್ಷ ಕೆಲಸ ಬಿಟ್ಟಳು.

ಸ್ವಂತವಾಗಿ ಕೆಲಸ ಹಿಡಿದಾಗ ಮೊದಲು ಕರೆದವರು ಸಿರುಗುಪ್ಪದ ದೊಡ್ಡಬಸಪ್ಪ, ಅಕ್ಕಿ ಗಿರಣಿಯ ಮೇಲ್ವಿಚಾರಕರು. ಅವರ ಮಗಳು ಅಕ್ಷತಾಳಿಗೆ ಹದಿನಾರನೆಯ ವಯಸ್ಸಿನಲ್ಲಿ ಕಣ್ಣು ಹೋಗಿತ್ತು. ಟಿವಿಗೆ ಜೋಡಿಸಿ ಆಡುವ ಗೇಮ್‌ಗಳನ್ನು ಮಾತ್ರ ಅವಳು ಬಿಟ್ಟಿರಲಿಲ್ಲ. ಎದುರಾಳಿಯ ಹೆಜ್ಜೆ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಕೇಳಿಯೇ ಆಡುತ್ತಿದ್ದಳು. ಉಚ್ಚೆಂಗೆಮ್ಮ ಅವಳ ಕುರ್ಚಿಯ ಸುತ್ತ ಐದು ಸ್ಪೀಕರ್, ಮೂಲೆಯಲ್ಲೊಂದು ವೂಫರ್ ಕೂರಿಸಿ, ಗೇಮ್ ಮಷೀನಿನಿಂದ ಆಂಪ್ಲಿಫೈಯರಿಗೆ ಸದ್ದನ್ನು ಬೆಳಕಾಗಿ ಒಯ್ಯುವ ಆಪ್ಟಿಕಲ್ ಕೇಬಲ್ ಎಳೆದುಕೊಟ್ಟಿದ್ದಳು.

ನಾಲ್ಕು ವರ್ಷ ಎಲ್ಲ ಚೆನ್ನಾಗಿ ನಡೆಯಿತು. ಈ ಬೇಸಿಗೆಯಲ್ಲಿ ಹಳೆಯ ಮಷೀನ್ ಕೆಟ್ಟಿತು. ದೊಡ್ಡಬಸಪ್ಪ ಗಾಂಧಿನಗರದ ಅದೇ ಅಂಗಡಿಯಿಂದ ಹೊಸದು ತಂದರು. ಜೋಡಿಸಿಕೊಡಲು ಅಂಗಡಿಯವರೇ ಬಂದರು. ಮೂರನೆಯ ದಿನ ಅಕ್ಷತಾ ಫೋನ್ ಮಾಡಿದಳು.

"ಅಕ್ಕ, ಸೌಂಡೆಲ್ಲ ಟಿವಿಯಿಂದನ ಬರಾಕತ್ತೈತಿ. ಹಿಂದ ಏನೂ ಇಲ್ಲ. ಆಂಪ್ಲಿಫೈಯರ್ ಸತ್ತೈತಿ, ಹೊಸದು ತೊಗೊಳ್ರಿ ಅಂತ ಚೀಟಿ ಬರದುಕೊಟ್ಟು ಹೋದ್ರು."

ಮರುದಿನ ಬೆಳಿಗ್ಗೆ ಉಚ್ಚೆಂಗೆಮ್ಮ ಸಿರುಗುಪ್ಪದಲ್ಲಿದ್ದಳು. ಮೊದಲು ಆಂಪ್ಲಿಫೈಯರಿನ ರಿಮೋಟಿನಲ್ಲಿ ಟೆಸ್ಟ್ ಬಟನ್ ಒತ್ತಿದಳು. ಐದೂ ಸ್ಪೀಕರ್‌ಗಳು ಒಂದಾದ ಮೇಲೊಂದು ಸುಯ್ ಎಂದವು. ಸತ್ತಿದೆ ಎಂದು ಬರೆದವರು ಈ ಒಂದು ಬಟನ್ ಒತ್ತಿರಲಿಲ್ಲ. ಅವಳು ಹೊಸ ಮಷೀನನ್ನು ತಿರುಗಿಸಿ ಅದರ ಬೆನ್ನು ನೋಡಿದಳು.

"ಏನಾಗೈತವ್ವ?" ದೊಡ್ಡಬಸಪ್ಪ ಕೇಳಿದರು.

"ಇದಕ್ಕೇನೂ ಆಗಿಲ್ರಿ. ಹೊಸ ಮಷೀನಿಗೆ ಆಪ್ಟಿಕಲ್ ಕೇಬಲ್ ಚುಚ್ಚೋ ತೂತ ಇಲ್ಲ. ಅದು ಗೊತ್ತಾಗದ ನಿಮ್ಮ ಸಾಮಾನು ಸತ್ತೈತಿ ಅಂದಾರ."

ಟಿವಿಯ ಬೆನ್ನಿನಲ್ಲಿ ಆ ತೂತು ಇತ್ತು. ಮಷೀನಿನಿಂದ ಟಿವಿಗೆ ಎಚ್‌ಡಿಎಂಐ ವೈರ್ ಇದ್ದೇ ಇತ್ತು. ಟಿವಿಯಿಂದ ಆಂಪ್ಲಿಫೈಯರಿಗೆ ಆಪ್ಟಿಕಲ್ ಕೇಬಲ್ ಹಾಕಿದರೆ ಮುಗಿಯಿತು. ಆದರೆ ಹಳೆಯ ಕೇಬಲನ್ನು ಟಿವಿಗೆ ಚುಚ್ಚಿದಾಗ ಇನ್ನೊಂದು ತುದಿಯಲ್ಲಿ ಬರಬೇಕಾದ ಕೆಂಪು ಬೆಳಕು ಕಾಣಲಿಲ್ಲ. ಬಂದವರು ಅದನ್ನು ಮಡಚಿ ಮಡಚಿ ಕಟ್ಟಿ ಗೋಡೆಯ ಸಂದಿಗೆ ತುರುಕಿದ್ದರು. ಒಳಗಿನ ಎಳೆ ಮುರಿದಿತ್ತು. ಅವಳು ತನ್ನ ಚೀಲದಿಂದ ಹೊಸ ಕೇಬಲ್ ತೆಗೆದು, ಎರಡೂ ತುದಿಗಳ ಪ್ಲಾಸ್ಟಿಕ್ ಟೋಪಿ ಕಿತ್ತು, ಚುಚ್ಚಿದಳು. ಸದ್ದು ಬಂತು, ಮುಂದಿನ ಎರಡರಲ್ಲಿ ಮಾತ್ರ. ಮಷೀನಿನ ಸೆಟ್ಟಿಂಗಿನಲ್ಲೂ ಟಿವಿಯ ಸೆಟ್ಟಿಂಗಿನಲ್ಲೂ ಸದ್ದಿನ ಬಗೆಯನ್ನು, ಐದೂ ಸ್ಪೀಕರಿಗೆ ಬೇರೆ ಬೇರೆ ಸದ್ದು ಕಳಿಸುವ ಡಾಲ್ಬಿಗೆ ಬದಲಿಸಿದಳು.

ಅಕ್ಷತಾ ಕುರ್ಚಿಯಲ್ಲಿ ಕೂತು ಆಟ ಶುರುಮಾಡಿದಳು. ಸ್ವಲ್ಪ ಹೊತ್ತಿಗೆ ಅವಳ ತಲೆ ತಟ್ಟನೆ ಹಿಂದಕ್ಕೆ ತಿರುಗಿತು.

"ಹಿಂದ, ಎಡಕ್ಕ ಬಂದ. ಬಂತಕ್ಕ, ಬಂತು."

ಉಚ್ಚೆಂಗೆಮ್ಮ ಅಲ್ಲಿಂದಲೇ ಹಳೆಯ ಮಾಲೀಕನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಫೋನಿನ ಸ್ಪೀಕರ್ ಹಾಕಿದಳು. ನಡೆದದ್ದನ್ನು ಹೇಳಿದಳು. ಅವನು ನಕ್ಕ.

"ಅಲ್ಲಮ್ಮ, ಆ ಹುಡುಗಿಗೆ ಕಣ್ಣ ಕಾಣಂಗಿಲ್ಲ. ಸೌಂಡ್ ಮುಂದಿಂದ ಬಂದ್ರೇನು, ಹಿಂದಿಂದ ಬಂದ್ರೇನು?"

ದೊಡ್ಡಬಸಪ್ಪ ಕುಳಿತಲ್ಲಿಂದ ಎದ್ದರು. ಅವರಿಗಿಂತ ಮೊದಲು ಅಕ್ಷತಾ ಕೈ ಚಾಚಿ ಫೋನ್ ಇಸಿದುಕೊಂಡಳು. ಅವಳ ದನಿ ಏರಲಿಲ್ಲ.

"ನಿಮಗ ಕಣ್ಣ ಅದಾವಲ್ರಿ, ಮುಂದ ನೋಡಿದ್ರ ಸಾಕು. ನನಗ ನಾಕೂ ಕಡೆಯಿಂದ ಕೇಳಬೇಕು. ಇಷ್ಟು ತಿಳೀದವ್ರು ನಮ್ಮನಿಗೆ ಬಂದು ವೈರ್ ಮುಟ್ಟಬಾರದಿತ್ತು."

ಮಾಲೀಕ ಫೋನ್ ಕಡಿದ.

ಮರುದಿನ ದೊಡ್ಡಬಸಪ್ಪ ಚೀಟಿ ಹಿಡಿದು ಬಳ್ಳಾರಿಗೆ ಹೋದರು. ಅಂಗಡಿಯ ತುಂಬ ಗಿರಾಕಿಗಳಿದ್ದಾಗಲೇ ಅದನ್ನು ಮೇಜಿನ ಮೇಲಿಟ್ಟು, "ಸತ್ತೈತಿ ಅಂತ ಬರದೀರಿ. ಬದುಕೈತಿ ಅಂತ ಕೆಳಗ ಬರದು ಸಹಿ ಹಾಕ್ರಿ" ಎಂದರು. ಸುತ್ತಲಿದ್ದವರು ನೋಡುತ್ತಿದ್ದರು. ಮಾಲೀಕ ಬರೆದುಕೊಟ್ಟ. ತಪ್ಪಾಯಿತು ಎಂಬ ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ. ಅಕ್ಷತಾಳಿಗೆ ಇಂದಿಗೂ ಅವನು ಫೋನ್ ಮಾಡಿಲ್ಲ.

ಎರಡು ವಾರದ ಮೇಲೆ ಅವನು ಅಂಗಡಿಯ ಕೆಲಸದವರೊಬ್ಬರಿಂದ ಉಚ್ಚೆಂಗೆಮ್ಮನಿಗೆ ಫೋನಿನಲ್ಲಿ ಹೇಳಿಕಳಿಸಿದ: ಮತ್ತೆ ಕೆಲಸಕ್ಕೆ ಬಾ, ಇನ್ನು ಮೇಲೆ ಗಿರಾಕಿಗಳ ಮನೆಗೂ ಕಳಿಸುತ್ತೇನೆ. ಆ ಹೊತ್ತಿಗೆ ಅವಳು ಸಿರಿಗೇರಿಯ ಒಂದು ಮನೆಯಲ್ಲಿ ಸ್ಟೂಲಿನ ಮೇಲೆ ನಿಂತು ಗೋಡೆಗೆ ಸ್ಪೀಕರ್ ಬಿಗಿಯುತ್ತಿದ್ದಳು.

"ನೀವು ಕಳಸಬೇಕಂತೇನಿಲ್ಲ, ನಾನ ಹೋಗಾಕತ್ತೀನಿ ಅಂತ ಹೇಳ್ರಿ" ಎಂದು ಫೋನ್ ಇಟ್ಟು, ಉಳಿದ ಮೊಳೆ ಹೊಡೆದಳು.