ಕತ್ತಿವೀರನ ಮೊಣಕೈ

ನಮ್ಮಣ್ಣ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಊಟ ನಿಂತೇ ಆಗಬೇಕು, ಚಹಾ ನಡೆಯುತ್ತಲೇ ಮುಗಿಯಬೇಕು. ಆ ಅವಸರದಲ್ಲೇ, ಗಾಜಿನ ಕಪಾಟಿನಲ್ಲಿ ತಾನೇ ಕಣ್ಣಿನಂತೆ ಕಾಪಾಡಿದ್ದ ಕತ್ತಿವೀರನ ಪ್ಲಾಸ್ಟಿಕ್ ಗೊಂಬೆಯ ಬಿಗಿದ ಮೊಣಕೈಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡದೆ ತಿರುಗಿಸಿ, ಲಟಕ್ಕನೆ ಮುರಿದ. ಈಗ ಕೀಲಿಗೆ ತಂತಿಯ ತುಂಡು ಕೂರಿಸಿ ಅಂಟು ಹಚ್ಚಿದ್ದಾನೆ. ಕೂತಲ್ಲಿ ಕೂರದೆ ಎದ್ದೆದ್ದು ಹೋಗಿ ಮುಟ್ಟಿ ನೋಡುತ್ತಾನೆ. "ರೀ, ನೀವು ಕೈ ಬಿಟ್ರೆ ತಾನೇ ಅದು ಒಣಗೋದು!" ಎಂದು ಅತ್ತಿಗೆ ರೇಗುತ್ತಾಳೆ. ಆದರೆ ಲಕ್ವ ಹೊಡೆದ ಅಪ್ಪನ ಮಂಚದ ಬಳಿ ಮಾತ್ರ ಅವನು ಕದಲುವುದಿಲ್ಲ. ಮರಗಟ್ಟಿದ ಮೊಣಕೈಗೆ ಬಿಸಿಬಟ್ಟೆ ಸುತ್ತಿ, ಬಿಸಿ ಒಳಗಿಳಿಯುವವರೆಗೂ ಕಾದು, ಕೂದಲೆಳೆಯಷ್ಟೇ ಬಗ್ಗಿಸುತ್ತಾನೆ. "ಇನ್ನೊಂಚೂರು ಬಗ್ಸೋ, ಲೋಟ ನಾನೇ ಬಾಯಿಗಿಟ್ಕೋತೀನಿ," ಎಂದು ಅಪ್ಪ ಚಡಪಡಿಸುತ್ತಾರೆ. "ಇವತ್ತಿಗೆ ಸಾಕಪ್ಪ," ಎನ್ನುತ್ತಾನೆ ಅಣ್ಣ, "ಅವಸರ ಏನಿದೆ?"