ಡ್ರಮ್ಮಿನಲ್ಲಿ ಮೊದಲೇ ಇದ್ದ ನೀರು

ನಿಮಿಷಕ್ಕೆ ಎಂಟು ಲೀಟರ್ ನೀರು ಬೀಳುವ ನಲ್ಲಿ ಎಲ್ಲಿದೆಯೋ ನನಗೆ ಗೊತ್ತಿಲ್ಲ. ನಮ್ಮ ಸುಳ್ಯದ ಕಡೆಯಂತೂ ನಾನು ನೋಡಿಲ್ಲ. ಆದರೆ ನಲವತ್ತು ದಾಟಿದ ಮೇಲೆ, ಗಣಿತವೊಂದೇ ಬಾಕಿ ಉಳಿದ ಎಸ್ಸೆಸ್ಸೆಲ್ಸಿ ಮುಗಿಸಲು ಕೂತ ನನ್ನ ತಲೆ ತಿಂದದ್ದು ಅದೇ ನಲ್ಲಿ. ನಾನು ಅಂಗನವಾಡಿಯಲ್ಲಿ ಸಹಾಯಕಿ. ಕಾರ್ಯಕರ್ತೆ ಆಗುವ ಆಸೆಯಿದ್ದರೆ ಮೊದಲು ಇದು ಪಾಸಾಗಬೇಕು. ಎರಡು ಸಲ ಫೇಲಾಗಿದ್ದೆ.

ಪಾಠ ಹೇಳುತ್ತಿದ್ದವಳು ಪಿಯುಸಿ ಓದುವ ಮಗಳು. ಅವಳಿಗೆ ನನ್ನದೇ ಸಿಟ್ಟು ಬಂದಿದೆ, ದೇವರೇ ಕಾಪಾಡಬೇಕು.

"ಡ್ರಮ್ಮಿನಲ್ಲಿ ಮೊದಲೇ ನಲವತ್ತು ಲೀಟರ್ ನೀರು ಉಂಟು. ನಲ್ಲಿಯಿಂದ ನಿಮಿಷಕ್ಕೆ ಎಂಟು ಲೀಟರ್ ಬೀಳ್ತದೆ. x ನಿಮಿಷ ಆದ ಮೇಲೆ ಒಟ್ಟು ನೀರು y. ಸಮೀಕರಣ ಬರಿ."

ನಾನು y = 8x ಎಂದು ಬರೆದೆ.

"ಅಮ್ಮಾ! ಆ ನಲವತ್ತು ಎಲ್ಲಿಗೆ ಹೋಯ್ತು?"

"ಅದು ಮೊದಲೇ ಇತ್ತಲ್ಲ. ಅದನ್ನು ಎಂತಕ್ಕೆ ಲೆಕ್ಕಕ್ಕೆ ತೆಗೊಳ್ಳುದು?"

"ಎಷ್ಟು ಸಲ ಹೇಳುದು ಮಾರಾಯ್ತಿ ನಿಂಗೆ!"

ಆಟೋ ಬಾಡಿಗೆಯ ಲೆಕ್ಕ ಕೊಟ್ಟಳು, ಬಳ್ಳಿ ಬೆಳೆಯುವ ಲೆಕ್ಕ ಕೊಟ್ಟಳು. ಪ್ರತಿ ಸಲವೂ ದರವನ್ನು ಹಿಡಿದುಕೊಂಡು, ಮೊದಲೇ ಇದ್ದದ್ದನ್ನು ಬಿಟ್ಟುಬಿಡುತ್ತಿದ್ದೆ. ಪುಸ್ತಕವನ್ನು ಬಚ್ಚಲ ಒಲೆಗೆ ಹಾಕುವಷ್ಟು ರೇಗುತ್ತಿತ್ತು.

ಆ ವಾರವೇ ಅಂಗನವಾಡಿಗೆ ಮೇಲ್ವಿಚಾರಕಿ ಬಂದರು. ಬೇಸಗೆಯಲ್ಲಿ ನಮ್ಮ ನಲ್ಲಿ ಸುರಿಯುವುದು ನೂಲಿನ ಹಾಗೆ. ಮಕ್ಕಳು ಬರುವ ಮೊದಲೇ ನಾನು ಪಕ್ಕದ ಮನೆಯ ಬಾವಿಯಿಂದ ನಾಲ್ಕು ಕೊಡ ಹೊತ್ತು ಡ್ರಮ್ಮಿಗೆ ಸುರಿದು, ಅದರ ಮೇಲೆ ನಲ್ಲಿ ಬಿಡುತ್ತೇನೆ. ಮೇಡಂ ತುಂಬಿದ ಡ್ರಮ್ಮಿನೊಳಗೆ ಇಣುಕಿದರು.

"ಇಲ್ಲಿ ನಲ್ಲಿಯಲ್ಲಿ ನೀರು ಚೆನ್ನಾಗಿ ಬರ್ತದಲ್ಲ, ಒಳ್ಳೇದಾಯ್ತು."

ನಾವು ಟೀಚರ್ ಎನ್ನುವ ನಮ್ಮ ಕಾರ್ಯಕರ್ತೆ ಹೌದೆಂದು ನಕ್ಕರು. ನನ್ನ ಸೊಂಟದ ಹತ್ತಿರ ಸೀರೆ ಇನ್ನೂ ಒದ್ದೆಯಿತ್ತು. ಬಾಯಿ ಬಿಟ್ಟರೆ ಕೆಲಸಕ್ಕೇ ಕುತ್ತು, ಒಳಗೆ ಹೋಗಿ ಪಾತ್ರೆ ತಿಕ್ಕಿದೆ.

ಮನೆಗೆ ಬಂದವಳೇ ಮಗಳೆದುರು ಕೂಗಾಡಿದೆ. "ನಲ್ಲಿಯಂತೆ ನಲ್ಲಿ! ಹಾಗಾದ್ರೆ ನಾನು ಹೊತ್ತ ನಾಲ್ಕು ಕೊಡ ಎಲ್ಲಿಗೆ ಹೋಯ್ತು?"

ಅವಳು ನಗಲಿಲ್ಲ. "ಅಮ್ಮ, ನಾನು ಇಷ್ಟು ದಿನ ಕೇಳಿದ್ದು ಅದನ್ನೇ ಅಲ್ವಾ?"

ನಾನು ಲೆಕ್ಕದ ಪುಸ್ತಕ ತೆಗೆದು ಅವಳ ಪಕ್ಕ ಕೂತೆ.

ಪರೀಕ್ಷೆ ಪುತ್ತೂರಿನಲ್ಲಿತ್ತು. ಅಂಥದ್ದೇ ಪ್ರಶ್ನೆ ಬಂತು: ಟ್ಯಾಂಕಿನಲ್ಲಿ ಮೊದಲೇ ಅರವತ್ತು ಲೀಟರ್, ಆಮೇಲೆ ನಿಮಿಷಕ್ಕೆ ಐದು. ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಮಗಳು, ಎಂತ ಬರೆದೆ ಎಂದು ಕೇಳಿದಳು.

"y = 60 + 5x."

"ಸರಿ ಉಂಟು. ಆದ್ರೆ ಪುಸ್ತಕದಲ್ಲಿ 5x ಮೊದಲು, 60 ಕೊನೆಗೆ ಬರಿಯುದು."

"ಬೇಕಾದ್ರೆ ಅರ್ಧ ಮಾರ್ಕು ಕಳೀಲಿ," ಎಂದೆ. "ಕೊಡ ಹೊತ್ತದ್ದು ಮೊದಲು. ನಲ್ಲಿ ಬಿಟ್ಟದ್ದು ಆಮೇಲೆ."